ಸೂರ್ಯನಿಗೂ ಎರಡೇ ವರ್ಷದ ಕಾಂಟ್ರ್ಯಾಕ್ಟು

ಮೊನ್ನೆ ಭಾನುವಾರ ನಮ್ಮ ಕಡೆಯ ಕನ್ನಡ ಸಂಘದ ವಾರ್ಷಿಕ ಕಾರ್ಯಕ್ರಮಕ್ಕೆ ಹೋಗಿದ್ದೆ. ಮುಖ್ಯ ಅತಿಥಿಗಳು ದೊಡ್ಡವರು, ಹೆಸರು ಬೇಡ. ನಲವತ್ತು ನಿಮಿಷ ಮಾತಾಡಿದರು. ಮೊದಲರ್ಧ ಆದಿತ್ಯ-ಎಲ್1ರ ಹೆಮ್ಮೆ, ಉಳಿದರ್ಧ ಪ್ರತಿಭಾ ಪಲಾಯನದ ಬೈಗುಳ. "ಸರ್ಕಾರದ ದುಡ್ಡಲ್ಲಿ ಪಿಎಚ್‌ಡಿ ಮಾಡ್ತಾರೆ, ರೆಕ್ಕೆ ಬಲಿತ ಕೂಡಲೇ ಹಾರ್ತಾರೆ. ದೇಶ ಸೂರ್ಯನ ಕಡೆ ಹೋಗ್ತಾ ಇದೆ, ನಮ್ಮ ಹುಡುಗರು ಡಾಲರಿನ ಕಡೆ ಹೋಗ್ತಾ ಇದ್ದಾರೆ" ಅಂದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕ ಕೂತಿದ್ದ ಶೆಟ್ಟರೂ ತಟ್ಟಿದರು. ಅವರ ಇಬ್ಬರು ಮಕ್ಕಳೂ ನ್ಯೂಜೆರ್ಸಿಯಲ್ಲಿದ್ದಾರೆ, ಅದು ಬೇರೆ ವಿಷಯ :-)

ನಾನು ತಟ್ಟಲಿಲ್ಲ. ಮೂರು ವಾರದ ಹಿಂದೆ ಇದೇ ಮುಂಬಯಿ ಏರ್‌ಪೋರ್ಟಿನಲ್ಲಿ ನನ್ನ ಅಕ್ಕನ ಮಗನನ್ನು ಕಳಿಸಿ ಬಂದಿದ್ದೆ. ಅವನೂ ಅತಿಥಿಗಳ ಲೆಕ್ಕದಲ್ಲಿ ಹಾರಿಹೋದ ಹಕ್ಕಿ. ಹಾರಿಹೋದನೋ, ಗೂಡು ಕಿತ್ತು ಓಡಿಸಿದರೋ ಅನ್ನುವುದು ಇವತ್ತಿನ ಪ್ರಶ್ನೆ. ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಭಾಷೆ ಬಿರುಸಾದರೆ ಸಹಿಸಿಕೊಳ್ಳಿ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಕೇಳುತ್ತೀರಿ. ಖಗೋಳವೂ ಓದಿಲ್ಲ, ಭೌತಶಾಸ್ತ್ರವೂ ಓದಿಲ್ಲ. ಡಿಪ್ಲೊಮಾ ಮುಗಿಸಿ 1984ರಲ್ಲಿ ಕುಂದಾಪುರದಿಂದ ಈ ಊರಿಗೆ ಬಂದವನು. ನಿವೃತ್ತಿಯವರೆಗೂ ಮಾಡಿದ್ದು ವ್ಯಾಕ್ಯೂಮ್ ಪಂಪುಗಳ ರಿಪೇರಿ. ಔಷಧಿ ಕಂಪನಿ, ಬಲ್ಬಿನ ಕಾರ್ಖಾನೆ, ಕಾಲೇಜು, ಸಂಶೋಧನಾಲಯ ಅಂತ ದೇಶವೆಲ್ಲ ಸುತ್ತಿ ಕೈಯೆಲ್ಲ ಪಂಪಿನೆಣ್ಣೆ ಮಾಡಿಕೊಂಡವನು. ವಿಜ್ಞಾನಿಗಳು ಏನು ಹುಡುಕುತ್ತಾರೆ ಅಂತ ನನಗೆ ಪೂರ್ತಿ ಗೊತ್ತಿಲ್ಲ. ಹುಡುಕುವ ಪಾತ್ರೆ ಎಲ್ಲಿ ಸೋರುತ್ತದೆ ಅಂತ ಗೊತ್ತು.

ಈ ಹುಡುಗ ಮಾಡುವುದು ಪ್ಲಾಸ್ಮಾ ಖಗೋಳ ವಿಜ್ಞಾನ, ಅದೂ ಪ್ರಯೋಗಾಲಯದಲ್ಲಿ. ಅನಿಲವನ್ನು ಸಾಕಷ್ಟು ಕಾಯಿಸಿದರೆ, ಇಲ್ಲವೇ ಅದರಲ್ಲಿ ಜೋರಾಗಿ ವಿದ್ಯುತ್ ಹರಿಸಿದರೆ, ಪರಮಾಣುವಿನಿಂದ ಎಲೆಕ್ಟ್ರಾನು ಕಳಚಿಕೊಳ್ಳುತ್ತದೆ. ಆ ಕಲಸುಮೇಲೋಗರಕ್ಕೆ ಪ್ಲಾಸ್ಮಾ ಅಂತ ಲ್ಯಾಂಗ್‌ಮ್ಯೂರ್ ಎಂಬಾತ 1928ರಲ್ಲಿ ಹೆಸರಿಟ್ಟ. ಟ್ಯೂಬ್‌ಲೈಟಿನೊಳಗೂ ಅದೇ, ಮಿಂಚಿನಲ್ಲೂ ಅದೇ, ಸೂರ್ಯನೂ ಅದೇ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲಿನ ತೆಳ್ಳನೆ ಪ್ರಭೆ, ಗ್ರಹಣದ ದಿನ ಕಾಣುವ ಆ ಬಿಳಿ ಕಿರೀಟ, ಹತ್ತು ಲಕ್ಷ ಡಿಗ್ರಿಗೂ ಮೇಲೆ. ಒಲೆಯಿಂದ ದೂರ ಹೋದ ಹಾಗೆ ಬಿಸಿ ಜಾಸ್ತಿಯಾಗುವುದು ಎಲ್ಲಾದರೂ ಉಂಟೇ ಮಾರಾಯ್ರೆ? ಅಲ್ಲಿ ಉಂಟು. ಯಾಕೆ ಅನ್ನುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಕಾಂತಕ್ಷೇತ್ರದ ಗೆರೆಗಳು ಕಡಿದು ಮತ್ತೆ ಬೇರೆ ರೀತಿ ಕೂಡಿಕೊಳ್ಳುವುದಕ್ಕೂ, ಅವುಗಳಗುಂಟ ಓಡುವ ಅಲೆಗಳಿಗೂ ಇದರಲ್ಲಿ ಕೈವಾಡ ಇದೆ ಅನ್ನುತ್ತಾರೆ. ನಮ್ಮ ಹುಡುಗ ಆ ಕಡಿತ-ಕೂಡಿಕೆಯನ್ನು ಒಂದು ಉಕ್ಕಿನ ಪಾತ್ರೆಯೊಳಗೆ ಮಾಡಿ ನೋಡುತ್ತಿದ್ದ.

"ಸೂರ್ಯ ಪಾತ್ರೆಯಲ್ಲಿ ಹಿಡಿಸ್ತಾನಾ?" ಅಂತ ನಗುವವರು ಇದ್ದಾರೆ. ಸಂಘದಲ್ಲೇ ಒಬ್ಬರು ನಕ್ಕರು. ಅವರಿಗೆ ನನ್ನ ಉತ್ತರ ಇಷ್ಟೇ. 1916ರಲ್ಲಿ ಶುರುವಾದ ಒಂದು ಸಂಶೋಧನಾ ಕೇಂದ್ರ ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ಇದೆ. ಅಣೆಕಟ್ಟು, ಬಂದರು, ನದಿಗಳ ಚಿಕ್ಕ ಚಿಕ್ಕ ಮಾದರಿ ಕಟ್ಟಿ ನೀರು ಹರಿಸಿ ನೋಡುತ್ತಾರೆ. ನಮ್ಮ ಕೃಷ್ಣರಾಜಸಾಗರದಲ್ಲೂ ಅಂಥದ್ದೊಂದು ಇದೆ. ಅಲ್ಲಿ ಹೋಗಿ ಯಾರೂ "ಕಾವೇರಿ ಈ ಚರಂಡಿಯಲ್ಲಿ ಹಿಡಿಸ್ತಾಳಾ" ಅಂತ ಕೇಳುವುದಿಲ್ಲ. ಗಾತ್ರ ಸಣ್ಣದಾದರೂ ಅನುಪಾತಗಳನ್ನು ಸರಿಯಾಗಿ ಹೊಂದಿಸಿದರೆ ನೀರಿನ ಬುದ್ಧಿ ಒಂದೇ. ಪ್ಲಾಸ್ಮಾದ್ದೂ ಹಾಗೇ. ಎಲ್ಲ ಅನುಪಾತಗಳೂ ಒಟ್ಟಿಗೆ ಹೊಂದುವುದಿಲ್ಲ ಅನ್ನುವುದು ನಿಜ. ಯಾವುದು ಹೊಂದಿದೆ, ಯಾವುದು ಇಲ್ಲ ಅಂತ ಗೊತ್ತಿಟ್ಟುಕೊಂಡು ಮಾತಾಡುವುದೇ ಅವರ ಕಸುಬು.

ಈ ಕಸುಬಿನ ಇತಿಹಾಸ ಸ್ವಲ್ಪ ಓದಿದೆ, ಅವನೇ ಓದಿಸಿದ. ಓದುತ್ತಾ ನನಗೆ ಹೊಡೆದು ಕಂಡದ್ದು ವರ್ಷಗಳ ಲೆಕ್ಕ. ಸ್ವೀಡನ್ನಿನ ಆಲ್ವೆನ್ 1942ರಲ್ಲಿ, ಕಾಂತಕ್ಷೇತ್ರದಲ್ಲಿರುವ ವಿದ್ಯುದ್ವಾಹಕ ದ್ರವದಲ್ಲಿ ಒಂದು ಹೊಸ ಬಗೆಯ ಅಲೆ ಓಡಬೇಕು ಅಂದ. ಲುಂಡ್‌ಕ್ವಿಸ್ಟ್ ಎಂಬಾತ ಅದನ್ನು ಪಾದರಸದಲ್ಲಿ ತೋರಿಸಿದ್ದು 1949ರಲ್ಲಿ. ಆಲ್ವೆನ್‌ಗೆ ನೊಬೆಲ್ ಬಂದದ್ದು 1970ರಲ್ಲಿ. ಇದು ಚುರುಕಾಗಿ ನಡೆದ ಕಥೆ.

ನಿಧಾನದ್ದು ಕೇಳಿ. ಕಪ್ಪುಕುಳಿಯ ಸುತ್ತ ಸುತ್ತುವ ಅನಿಲದ ತಟ್ಟೆ ಒಳಗೆ ಬೀಳಬೇಕಾದರೆ ತನ್ನ ಸುತ್ತುವ ವೇಗವನ್ನು ಯಾರಿಗಾದರೂ ಕೊಟ್ಟುಬಿಡಬೇಕು. ಯಾರಿಗೆ, ಹೇಗೆ? ರಷ್ಯಾದ ವೆಲಿಖೋವ್ 1959ರಲ್ಲಿ, ನಮ್ಮ ಚಂದ್ರಶೇಖರ್ 1960ರಲ್ಲಿ, ಕಾಂತಕ್ಷೇತ್ರ ಇದ್ದರೆ ಸುತ್ತುವ ದ್ರವ ಅಸ್ಥಿರವಾಗುತ್ತದೆ ಅಂತ ಲೆಕ್ಕ ಹಾಕಿಟ್ಟಿದ್ದರು. ಅದು ಈ ತಟ್ಟೆಗಳಿಗೆ ಎಷ್ಟು ಮುಖ್ಯ ಅಂತ ಬಾಲ್ಬಸ್, ಹಾಲಿ ಇಬ್ಬರು 1991ರಲ್ಲಿ ತೋರಿಸಿದರು. ಪ್ರಯೋಗದಲ್ಲಿ ನೋಡೋಣ ಅಂತ ಪ್ರಿನ್ಸ್‌ಟನ್ನಿನಲ್ಲಿ ಹಾಂಟಾವ್ ಜಿ, ಜೆರೆಮಿ ಗುಡ್‌ಮನ್ ಮತ್ತು ಇನ್ನೊಬ್ಬರು ಸೇರಿ ಪ್ರಸ್ತಾಪ ಬರೆದದ್ದು 2001ರಲ್ಲಿ. ಒಂದರೊಳಗೊಂದು ಎರಡು ಸಿಲಿಂಡರು, ನಡುವೆ ಗ್ಯಾಲಿಯಂ-ಇಂಡಿಯಂ-ತವರ ಸೇರಿದ ದ್ರವಲೋಹ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಿಸುವುದು. ಕಂಡೆವು ಅಂತ ಅವರು ಪ್ರಕಟಿಸಿದ್ದು 2022ರಲ್ಲಿ.

ಇಪ್ಪತ್ತೊಂದು ವರ್ಷ. 2001ರ ಲೇಖನದಲ್ಲಿದ್ದ ಜಿ, ಗುಡ್‌ಮನ್ ಇಬ್ಬರ ಹೆಸರೂ 2022ರ ಲೇಖನದಲ್ಲಿ ಇದೆ. ನನ್ನ ಇಡೀ ವಾದ ಈ ಒಂದು ವಾಕ್ಯದಲ್ಲಿದೆ. ಪಾತ್ರೆಯ ಪಕ್ಕದಲ್ಲಿ ಮನುಷ್ಯರು ಉಳಿದಿದ್ದರು.

ಈಗ ನಮ್ಮಲ್ಲಿಗೆ ಬನ್ನಿ. ಬುದ್ಧಿ ಇಲ್ಲ ಅನ್ನಬೇಡಿ, ಕೈ ಇಲ್ಲ ಅನ್ನಬೇಡಿ. ಕೊಲಾಬಾದ ತುದಿಯಲ್ಲಿ, ಬಸ್ಸು ಮುಗಿಯುವಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ರವೀಂದ್ರ ಕುಮಾರ್ ಅವರ ತಂಡ ಒಂದು ಘನಪದಾರ್ಥದ ಮೇಲೆ ಅತಿ ಕ್ಷಣಿಕ ಲೇಸರ್ ಬಡಿದು, ಹುಟ್ಟುವ ಪ್ಲಾಸ್ಮಾದಲ್ಲಿ ಭೂಮಿಯದ್ದಕ್ಕಿಂತ ಕೋಟಿಗಟ್ಟಲೆ ಪಟ್ಟು ಬಲವಾದ ಕಾಂತಕ್ಷೇತ್ರ ಅಳೆದಿದೆ. ಆ ಕ್ಷೇತ್ರ ನೀರಿನ ಸುಳಿಯಂತೆ ಕದಡಿಕೊಳ್ಳುವುದನ್ನು ತೋರಿಸಿದ ಲೇಖನ 2012ರಲ್ಲಿ ಬಂತು. 2017ರಲ್ಲಿ ಬಂದ ಇನ್ನೊಂದು ಲೇಖನ, ಮೇಜಿನ ಮೇಲಿನ ಈ ಕದಡುವಿಕೆಗೂ ಖಗೋಳದ್ದಕ್ಕೂ ನಂಟು ಹೇಳಿತು. ಮೇಜಿನ ಮೇಲೆ, ಸ್ವಾಮಿ! ಹೊರಗೆ ನಮ್ಮದೇ ಅರಬ್ಬಿ ಸಮುದ್ರ.

ಬೆಂಗಳೂರಿನದ್ದು ನನಗೆ ಇನ್ನೂ ಇಷ್ಟ. ಸೂರ್ಯನ ಮೇಲ್ಮೈಯಿಂದ ಸಾವಿರಾರು ಕಿಲೋಮೀಟರ್ ಎತ್ತರಕ್ಕೆ ಚಿಮ್ಮುವ ಪ್ಲಾಸ್ಮಾ ಸೂಜಿಗಳ ಕಾಡೇ ಇದೆ. ಅದು ಹೇಗೆ ಬೆಳೆಯುತ್ತದೆ ಅಂತ ಭಾರತೀಯ ಖಭೌತ ಸಂಸ್ಥೆಯ ಪಿಯಾಲಿ ಚಟರ್ಜಿ, ಅವರ ವಿದ್ಯಾರ್ಥಿ ಸಾಹೇಲ್ ಡೇ ಮತ್ತಿತರರು 2022ರಲ್ಲಿ ಬರೆದರು. ಕಂಪ್ಯೂಟರ್ ಲೆಕ್ಕದ ಜೊತೆ ಅವರು ಏನು ಇಟ್ಟರು ಗೊತ್ತಾ? ಅದುರುವ ಸ್ಪೀಕರಿನ ಮೇಲೆ ಕುಣಿಯುವ ಬಣ್ಣ! ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಮೂರ್ತಿ ಅವರು ಆ ಪ್ರಯೋಗದ ಕಡೆಯವರು. ಬಣ್ಣದೊಳಗಿನ ಉದ್ದುದ್ದ ಪಾಲಿಮರ್ ಎಳೆಗಳು ಮಾಡುವ ಕೆಲಸವನ್ನು ಸೂರ್ಯನಲ್ಲಿ ಕಾಂತರೇಖೆಗಳು ಮಾಡುತ್ತವೆ, ಅದಕ್ಕೇ ಎರಡೂ ಕಡೆ ಸೂಜಿಯಂತೆ ಚಿಮ್ಮುತ್ತದೆ ಅನ್ನುವುದು ಅವರ ಮಾತು. ಗಣೇಶೋತ್ಸವದ ಪೆಂಡಾಲಿನ ಸ್ಪೀಕರು ನೋಡಿ ನೋಡಿ ಕಿವಿ ಮುಚ್ಚಿಕೊಂಡ ನನಗೆ ಇದು ಹೊಳೆಯಲೇ ಇಲ್ಲವಲ್ಲ!

ಹೀಗೆ ತಲೆಯೂ ಇದೆ, ಕೈಯೂ ಇದೆ. ಇಲ್ಲದ್ದು ಮನುಷ್ಯನಿಗೆ ಕೂರಲು ಜಾಗ. ಪಿಎಚ್‌ಡಿ ಮುಗಿಯುವಾಗ ಹುಡುಗನಿಗೆ ಇಪ್ಪತ್ತೊಂಬತ್ತೋ ಮೂವತ್ತೋ. ಆಮೇಲೆ ಪೋಸ್ಟ್‌ಡಾಕ್. ಊರಲ್ಲಿ ಅಕ್ಕನನ್ನು ಎಲ್ಲರೂ ಕೇಳುತ್ತಿದ್ದರು, "ಇನ್ನೂ ಓದುದೇ ಮುಗೀಲಿಲ್ವಾ?" ಓದು ಮುಗಿದೇ ಪೋಸ್ಟ್‌ಡಾಕ್ ಆಗುವುದು ಅಂತ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಅದು ಓದಲ್ಲ, ಕೆಲಸ. ಪ್ರಯೋಗಾಲಯದ ನಿಜವಾದ ಕೂಲಿ ಅದೇ. ಪ್ರೊಫೆಸರು ಮೀಟಿಂಗಿನಲ್ಲಿ, ವಿದ್ಯಾರ್ಥಿ ಇನ್ನೂ ಕಲಿಯುತ್ತಿರುತ್ತಾನೆ. ರಾತ್ರಿ ಎರಡು ಗಂಟೆಗೆ ಪಂಪಿನ ಸದ್ದು ಬದಲಾದರೆ ಎದ್ದು ಓಡುವವನು ಪೋಸ್ಟ್‌ಡಾಕ್.

ಅವನಿಗೆ ಸಿಗುವುದು ಎರಡು ವರ್ಷ. ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ಪಿನ ಅವಧಿಯೇ ಅಷ್ಟು. ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 35. ಬೇರೆ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಅನ್ನುತ್ತಾರೆ, ಅದೂ ಪ್ರಾಜೆಕ್ಟು ಇರುವ ತನಕ. 2023ರ ಜನವರಿಯಿಂದ ಅದರ ಮೊದಲ ಮೆಟ್ಟಿಲಿಗೆ ತಿಂಗಳಿಗೆ 58 ಸಾವಿರ. ಅದಕ್ಕೆ ಮುಂಚೆ 47 ಸಾವಿರ ಇತ್ತು. ಮೊತ್ತದ ಬಗ್ಗೆ ನನ್ನ ಜಗಳ ಇಲ್ಲ. ಅದು ತಿಂಗಳು ತಿಂಗಳು ಬಂದರೆ ಮರ್ಯಾದೆಯ ಸಂಬಳವೇ.

ನಮ್ಮ ಹುಡುಗ ಸೇರಿದ್ದು ಈ ದೇಶದ ಒಂದು ಸಂಸ್ಥೆಗೆ. ಊರೂ ಹೇಳುವುದಿಲ್ಲ, ಫೆಲೋಶಿಪ್ಪು ಯಾರದ್ದು ಅಂತಲೂ ಹೇಳುವುದಿಲ್ಲ, ಇನ್ನೂ ಅಲ್ಲಿ ಅವನ ಗೆಳೆಯರಿದ್ದಾರೆ. ಸೇರಿದ ದಿನ ಪಾತ್ರೆ ಇತ್ತು, ಪಂಪು ಇರಲಿಲ್ಲ. ಟರ್ಬೊ ಪಂಪಿಗೆ ಟೆಂಡರು ಕರೆದು, ಒಬ್ಬನೇ ಬಿಡ್ ಹಾಕಿದ ಅಂತ ರದ್ದು ಮಾಡಿ, ಮತ್ತೆ ಕರೆದು, ಅದು ಬರುವ ಹೊತ್ತಿಗೆ ಹನ್ನೊಂದು ತಿಂಗಳು. ಇಪ್ಪತ್ನಾಲ್ಕರಲ್ಲಿ ಹನ್ನೊಂದು ಹೋಯಿತು. ಆ ಹನ್ನೊಂದು ತಿಂಗಳು ಅವನು ಸುಮ್ಮನೆ ಕೂರಲಿಲ್ಲ, ತಾಮ್ರದ ಸುರುಳಿಗಳನ್ನು ಕೈಯಲ್ಲೇ ಸುತ್ತಿದ. ಅಂಗೈಯಲ್ಲಿ ಕಾಯಿ ಕಟ್ಟಿತ್ತು. ಮದುವೆ ಮಾತಿಗೆ ಬಂದ ಹುಡುಗಿಯ ತಂದೆ ಆ ಕೈ ನೋಡಿ "ನಿಮ್ಮ ಹುಡುಗ ಫ್ಯಾಕ್ಟರಿಯಲ್ಲಿದ್ದಾನಾ" ಅಂತ ಕೇಳಿದರಂತೆ.

ಪಂಪು ಬಂತು, ಕೂರಿಸಿದರು. ಪಾತ್ರೆ ನಿರ್ವಾತಕ್ಕೆ ಇಳಿಯಲೇ ಇಲ್ಲ. ಒಂದು ಹಂತದವರೆಗೆ ಬಂದು ಅಲ್ಲೇ ನಿಂತುಬಿಡುವುದು. ಒಂದು ಶನಿವಾರ ಫೋನು. "ಮಾಮ, ನಿಂಗೆ ಪುರುಸೊತ್ತು ಉಂಟಾ?" ರಾತ್ರಿ ರೈಲು ಹತ್ತಿದೆ. ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೊಡ್ಡ ಸೋರಿಕೆಯಾದರೆ ಬೇಗ ಸಿಗುತ್ತದೆ. ಸಣ್ಣದ್ದಕ್ಕೆ ಪಾತ್ರೆಯ ಹೊರಗಿನಿಂದ ಒಂದೊಂದೇ ಜೋಡಣೆಯ ಮೇಲೆ ಹೀಲಿಯಂ ಅನಿಲವನ್ನು ತೆಳ್ಳಗೆ ಊದುತ್ತಾ ಹೋಗಬೇಕು. ಬಿರುಕು ಇದ್ದಲ್ಲಿ ಹೀಲಿಯಂ ಒಳಗೆ ನುಗ್ಗುತ್ತದೆ, ಡಿಟೆಕ್ಟರಿನ ಮುಳ್ಳು ಏಳುತ್ತದೆ. ಮೇಲಿನಿಂದ ಶುರುಮಾಡಬೇಕು, ಹೀಲಿಯಂ ಹಗುರ, ಕೆಳಗೆ ಊದಿದರೆ ಮೇಲೆ ತೇಲಿಹೋಗಿ ಸುಳ್ಳು ಹೇಳಿಸುತ್ತದೆ. ಅವಸರ ಮಾಡಬಾರದು. ಊದಿ, ಕಾದು, ಮುಂದಿನದಕ್ಕೆ ಹೋಗಬೇಕು. ಆ ಪಾತ್ರೆಗೆ ಅರವತ್ತಕ್ಕೂ ಹೆಚ್ಚು ಜೋಡಣೆ. ಓ-ರಿಂಗುಗಳನ್ನೆಲ್ಲ ಹುಡುಗ ಆಗಲೇ ಎರಡು ಸಲ ಬದಲಿಸಿದ್ದ. ಎರಡು ದಿನ ಆದಮೇಲೆ ಸಿಕ್ಕಿತು. ಕರೆಂಟು ಒಳಗೆ ಹೋಗುವ ಒಂದು ಫೀಡ್‌ಥ್ರೂವಿನ ಬೆಸುಗೆ, ಕೂದಲಿಗಿಂತ ಸಣ್ಣ ಬಿರುಕು, ಅದೂ ತಂತಿ ಬಿಸಿಯಾದಾಗ ಮಾತ್ರ ಬಾಯಿ ಬಿಡುವಂಥದ್ದು.

ಪಾತ್ರೆ ಇಳಿಯಿತು. ಹುಡುಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಆವತ್ತು ರಾತ್ರಿ ಮೆಸ್ಸಿನಲ್ಲಿ ಊಟ ಮಾಡುವಾಗ ಗೊತ್ತಾಯಿತು, ಅವನು ಅಲ್ಲಿ ಸಾಲದಲ್ಲಿ ಉಣ್ಣುತ್ತಿದ್ದಾನೆ ಅಂತ. ಏಳು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ಹಿಂದಿನ ವರ್ಷದ ಯುಟಿಲೈಸೇಶನ್ ಸರ್ಟಿಫಿಕೇಟು ಒಂದು ಆಫೀಸಿನಿಂದ ಇನ್ನೊಂದಕ್ಕೆ ಹೋಗಿಲ್ಲವಂತೆ. ಹೋಗಿದೆ, ಸಿಕ್ಕಿಲ್ಲವಂತೆ. ಸಿಕ್ಕಿದೆ, ಸಹಿ ಸರಿಯಿಲ್ಲವಂತೆ. ಕೂದಲೆಳೆಯ ಬಿರುಕು ಹುಡುಕಲು ನನಗೆ ಎರಡು ದಿನ ಸಾಕಾಯಿತು, ಈ ಸೋರಿಕೆ ಹುಡುಕಲು ಯಾವ ಹೀಲಿಯಂ ಊದಬೇಕೋ ನಾನರಿಯೆ.

ಮೊದಲ ಒಳ್ಳೆಯ ಶಾಟ್, ಅಂದರೆ ಪ್ಲಾಸ್ಮಾ ಹುಟ್ಟಿ, ಕಾಂತಕ್ಷೇತ್ರ ಕಡಿದು ಕೂಡಿದ್ದು ಪ್ರೋಬಿನಲ್ಲಿ ಕಂಡದ್ದು, ಅವನ ಇಪ್ಪತ್ಮೂರನೇ ತಿಂಗಳಲ್ಲಿ. ಇಪ್ಪತ್ನಾಲ್ಕಕ್ಕೆ ಅವಧಿ ಮುಗಿಯಿತು. ವಿಸ್ತರಣೆಗೆ ಬರೆದ ಪತ್ರಕ್ಕೆ ಉತ್ತರವೇ ಇಲ್ಲ. ಈಗ ಆ ಪಾತ್ರೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದಾರಂತೆ. ಲಾಗ್‌ಬುಕ್ಕಿನಲ್ಲಿ ಅವನ ಅಕ್ಷರ ಇದೆ, ಯಾವ ಸುರುಳಿ ಎಷ್ಟು ಬಿಸಿಯಾದರೆ ನಿಲ್ಲಿಸಬೇಕು ಅನ್ನುವುದು ಅವನ ತಲೆಯಲ್ಲಿದೆ. ತಲೆ ಈಗ ಯುರೋಪಿನಲ್ಲಿದೆ. ಮೊದಲ ಸಲಕ್ಕೇ ನಾಲ್ಕು ವರ್ಷ ಕೊಟ್ಟಿದ್ದಾರೆ.

ಬುದ್ಧಿವಂತರ ವಾದ ನನಗೂ ಗೊತ್ತು. ಪೋಸ್ಟ್‌ಡಾಕ್ ಅನ್ನುವುದು ಇರುವುದೇ ತಾತ್ಕಾಲಿಕವಾಗಿ, ನಾಲ್ಕು ಕಡೆ ಓಡಾಡಿದರೆ ಹೊಸ ಬುದ್ಧಿ ಬರುತ್ತದೆ, ಒಂದೇ ಕಡೆ ಬೇರು ಬಿಟ್ಟರೆ ಜಡವಾಗುತ್ತಾರೆ ಅಂತ. ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕುವವರಿಗೆ ಈ ಮಾತು ಒಪ್ಪುತ್ತದೆ. ಅವರು ಚೀಲದಲ್ಲಿ ತಮ್ಮ ಸೂರ್ಯನನ್ನು ಹೊತ್ತುಕೊಂಡು ಹೋಗಬಹುದು. ಮೂರು ಟನ್ನಿನ ಪಾತ್ರೆಯನ್ನು ಯಾರು ಹೊರುತ್ತಾರೆ? ಹೊಸ ಊರಿಗೆ ಹೋದವನು ಮತ್ತೆ ಮೊದಲನೇ ಓ-ರಿಂಗಿನಿಂದ ಶುರುಮಾಡಬೇಕು. ಹಳೆಯ ಊರಿನ ಪಾತ್ರೆಗೆ ಬರುವ ಹೊಸಬನೂ ಅದೇ ಓ-ರಿಂಗಿನಿಂದ. ಎರಡೂ ಕಡೆ ಸುಂಕ ಕಟ್ಟುವುದು ನಾವೇ. ಸಿದ್ಧಾಂತಿಗೂ ಪ್ರಯೋಗದವನಿಗೂ ಒಂದೇ ಅಳತೆಯ ಎರಡು ವರ್ಷದ ಅಂಗಿ ಹೊಲಿದವರು ಜನ್ಮದಲ್ಲಿ ಒಂದು ಫ್ಲ್ಯಾಂಜಿನ ಬೋಲ್ಟು ಬಿಗಿದಿರಲಿಕ್ಕಿಲ್ಲ.

ಇನ್ನೊಂದು ವಾದ, ಬಡ ದೇಶಕ್ಕೆ ಇದೆಲ್ಲ ಯಾಕೆ ಅಂತ. ಅಲ್ಲ ಸ್ವಾಮಿ, ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಫ್ಯೂಷನ್ ಯಂತ್ರಕ್ಕೆ 2005ರಲ್ಲಿ ನಾವೂ ಸೇರಿದ್ದೇವೆ. ಅದರ ಹೊರಪಾತ್ರೆ, ಸುಮಾರು 3,850 ಟನ್ ತೂಕದ್ದು, ತಯಾರಾದದ್ದು ಗುಜರಾತಿನ ಹಜಿರಾದಲ್ಲಿ. ಅದೂ ನಿರ್ವಾತದ ಪಾತ್ರೆಯೇ. ಜೀವನವಿಡೀ ನಿರ್ವಾತದ ಜೊತೆ ಗುದ್ದಾಡಿದ ನನಗೆ ಅದರ ಫೋಟೋ ನೋಡಿ ಎದೆ ಉಬ್ಬಿತು. ಅಷ್ಟು ದೊಡ್ಡ ಪಾತ್ರೆ ಮಾಡಿ ಕಳಿಸುವಷ್ಟು ದುಡ್ಡು, ತಾಕತ್ತು ಇರುವ ದೇಶ, ಚಿಕ್ಕ ಪಾತ್ರೆಯ ಪಕ್ಕ ನಿಲ್ಲುವ ಹುಡುಗನಿಗೆ ಏಳು ತಿಂಗಳು ಸಂಬಳ ಕೊಡದಿದ್ದರೆ ಅದಕ್ಕೆ ಬಡತನ ಅಂತ ಹೆಸರಿಡಬೇಡಿ. ಉಡಾವಣೆ ಟೀವಿಯಲ್ಲಿ ಬರುತ್ತದೆ, ಸೋರಿಕೆ ಹುಡುಕುವುದು ಬರುವುದಿಲ್ಲ. ಆದಿತ್ಯ ಕಳಿಸಿದ ಅಂಕಿಗಳನ್ನು ಅರ್ಥ ಮಾಡಿಕೊಳ್ಳಲು ಇಲ್ಲಿ, ನೆಲದ ಮೇಲೆ, ಪ್ಲಾಸ್ಮಾವನ್ನು ಕೈಯಾರೆ ಮುಟ್ಟಿ ನೋಡಿದವರು ಬೇಕು ಅನ್ನುವುದನ್ನು ಆ ವೇದಿಕೆಯ ಮೇಲೆ ಯಾರೂ ಹೇಳಲಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಯಂತ್ರ ಕಟ್ಟುವ ಪೋಸ್ಟ್‌ಡಾಕ್‌ಗೆ ಐದು ವರ್ಷ ಕೊಡಿ. ಪಂಪು ಬಂದ ದಿನದಿಂದ ಎಣಿಸಿ ಅಂದರೆ ಇನ್ನೂ ನ್ಯಾಯ, ಅದಂತೂ ಕನಸು. ದುಡ್ಡು ಅವನ ಖಾತೆಗೆ ತಿಂಗಳ ಮೊದಲ ತಾರೀಕು ಬೀಳಲಿ, ಸರ್ಟಿಫಿಕೇಟಿನ ಜಗಳ ಆಫೀಸು-ಆಫೀಸು ಮಾಡಿಕೊಳ್ಳಲಿ. ಪ್ರೊಫೆಸರ್ ಆಗುವ ಆಸೆಯೇ ಇಲ್ಲದ, ಯಂತ್ರದ ಜೊತೆಗೇ ಇರಲು ಇಷ್ಟಪಡುವ ಎಷ್ಟೋ ಹುಡುಗ-ಹುಡುಗಿಯರನ್ನು ಈ ಮೂವತ್ತು ಚಿಲ್ಲರೆ ವರ್ಷದಲ್ಲಿ ನೋಡಿದ್ದೇನೆ. ಅವರಿಗೊಂದು ಕಾಯಂ ಹುದ್ದೆ ಯಾಕಿರಬಾರದು? ಪ್ರಿನ್ಸ್‌ಟನ್ನಿನಲ್ಲಿ ಇಪ್ಪತ್ತೊಂದು ವರ್ಷ ಒಂದೇ ಪ್ರಶ್ನೆಯ ಜೊತೆ ಕೂರಬಹುದಾದರೆ ಇಲ್ಲಿ ಹತ್ತು ಕೂರಬಾರದೇ?

"ನಿಮ್ಮ ಅಕ್ಕನ ಮಗ ಅಂತ ಇಷ್ಟು ಬರೀತೀರಿ" ಅನ್ನುತ್ತೀರಾ? ಹೌದು, ಅದಕ್ಕೇ. ಏರ್‌ಪೋರ್ಟಿನಲ್ಲಿ ಅಕ್ಕ ಅಳುವುದನ್ನು ನೀವು ನೋಡಲಿಲ್ಲ. ಅವನು ಹೋಗುವಾಗ ನನ್ನ ಕೈಗೆ ಒಂದು ಪುಟ್ಟ ಪೊಟ್ಟಣ ಕೊಟ್ಟ. ಬಿಚ್ಚಿದರೆ ಆ ಒಡೆದ ಫೀಡ್‌ಥ್ರೂ. "ಇಲ್ಲಿ ಯಾರಿಗೂ ಬೇಡ ಮಾಮ, ಗುಜರಿಗೆ ಹಾಕ್ತಿದ್ರು" ಅಂದ. ಈಗ ನಮ್ಮ ಟೀವಿಯ ಪಕ್ಕದಲ್ಲಿದೆ. ಬಂದವರು ಏನಿದು ಅಂತ ಕೇಳುತ್ತಾರೆ.

ಕಾರ್ಯಕ್ರಮ ಮುಗಿದ ಮೇಲೆ ಸಂಘದ ಕಾರ್ಯದರ್ಶಿಗಳಿಗೆ ಇಷ್ಟನ್ನೂ ಹೇಳಿದೆ, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ. ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. "ರಾಯರೇ, ಮುಂದಿನ ತಿಂಗಳು ಮಕ್ಕಳ ಕಾರ್ಯಕ್ರಮ ಉಂಟು. ಹದಿನೈದು ನಿಮಿಷ ಕೊಡ್ತೇನೆ, ನೀವೇ ಮಾತಾಡಿ" ಅಂದರು. ಒಪ್ಪಿಕೊಂಡಿದ್ದೇನೆ. ಭಾಷಣ ನನಗೆ ಬರುವುದಿಲ್ಲ. ಮಾಳಿಗೆ ಮೇಲೆ ಹಳೇ ಸ್ಪೀಕರು ಒಂದಿದೆ, ಬಣ್ಣದ ಡಬ್ಬಿ ತರಬೇಕು. ನೆಲಕ್ಕೆ ಹಾಸಲು ಹಳೇ ಪೇಪರು ಯಾರಾದರೂ ತನ್ನಿ, ಹಾಲಿನವರು ಬಯ್ಯುತ್ತಾರೆ.